ರೇಡ್ ಬೇಡ, ಐಟಿ ಇರಲಿ

ಸೇಲಂ, ಧರ್ಮಪುರಿ ಜಿಲ್ಲೆಗಳಲ್ಲಿ ನಮ್ಮ ದೇವಾಂಗರ ಮದುವೆ ಯಾವ ಮಂಟಪದಲ್ಲೇ ನಡೆದಿರಲಿ, ಅದರ ವಿಡಿಯೋ ಕ್ಯಾಸೆಟ್ಟು ಕೊನೆಗೆ ಬಂದು ಬೀಳುವುದು ಕೊಂಡಲಾಂಪಟ್ಟಿಯ ನಮ್ಮ ಮನೆಗೆ. ಇದಕ್ಕೆ ಕಾರಣ ನನ್ನ ಬಾಯಿ. ಯಾವುದೋ ಬೀಗರ ಊಟದ ಪಂಕ್ತಿಯಲ್ಲಿ ಕೂತು, ‘ಟೇಪಿಗೆ ಬೂಷ್ಟು ಹಿಡಿಯುತ್ತೆ, ಇನ್ನು ಸ್ವಲ್ಪ ವರ್ಷ ಬಿಟ್ಟರೆ ಮದುಮಗಳ ಮೂಗೂ ಕಾಣಲ್ಲ, ಎಲ್ಲಾ ಕಂಪ್ಯೂಟರಿಗೆ ಹತ್ತಿಸಬೇಕು’ ಅಂದುಬಿಟ್ಟೆ. ಹತ್ತಿಸಬೇಕು ಅಂದವನೇ ಹತ್ತಿಸಬೇಕು ಎಂಬುದು ನಮ್ಮ ಕಡೆಯ ನ್ಯಾಯ. ಎಲೆಗೆ ಪಾಯಸ ಬೀಳುವಷ್ಟರಲ್ಲಿ ತೀರ್ಪಾಗಿತ್ತು.

ಮೊದಲು ಬಂದವು ದೊಡ್ಡ ಕರಿಯ ವಿಎಚ್‌ಎಸ್ ಕ್ಯಾಸೆಟ್ಟುಗಳು. ಆಮೇಲೆ ಬೆಂಕಿಪೊಟ್ಟಣದಷ್ಟು ಚಿಕ್ಕ ಮಿನಿ ಡಿವಿಗಳು. ಆಮೇಲೆ ಚೌಡೇಶ್ವರಿ ಹಬ್ಬದ ಅಲಗು ಸೇವೆಯ ಡಿವಿಡಿಗಳು. ಎದೆಗೆ ಕತ್ತಿ ಹೊಡೆದುಕೊಂಡು ತಾಯಿಯನ್ನು ಕರೆಯುವ ವೀರಕುಮಾರರಲ್ಲಿ ತಮ್ಮ ಮಗ ಎಲ್ಲಿ ಕಾಣುತ್ತಾನೆ ಎಂದು ಪ್ರತಿ ತಾಯಿಗೂ ಬೇಕು. ಟಿ.ಆರ್. ಸುಂದರಂ ಅವರು 1935ರಲ್ಲಿ ಮಾಡರ್ನ್ ಥಿಯೇಟರ್ಸ್ ಸ್ಟುಡಿಯೋ ಕಟ್ಟಿ ನೂರಕ್ಕೂ ಹೆಚ್ಚು ಸಿನಿಮಾ ತೆಗೆದ ಊರು ನಮ್ಮದು. ಆ ಗಾಳಿ ಇನ್ನೂ ಇದೆ. ಇಲ್ಲಿನ ಮದುವೆ ವಿಡಿಯೋದವನು ಮೂರು ಗಂಟೆಗೆ ಕಡಿಮೆ ಏನನ್ನೂ ತೆಗೆಯುವುದಿಲ್ಲ. ಅದರಲ್ಲಿ ಅರ್ಧ ಗಂಟೆ ಹೊಗೇನಕಲ್ಲು ಜಲಪಾತ. ಜಲಪಾತದ ಮೇಲೆ ಹೃದಯದ ಆಕಾರ, ಹೃದಯದೊಳಗೆ ಹರಿಗೋಲಿನಲ್ಲಿ ಹೆದರಿ ಕೂತ ಗಂಡು ಹೆಣ್ಣು. ಹಣವಿದ್ದವರಾದರೆ ಹರಿಗೋಲಿನ ಬದಲು ಏರ್ಕಾಡಿನ ಕೆರೆಯ ದೋಣಿ.

ಮಿನಿ ಡಿವಿಯ ಒಂದು ಗಂಟೆ ಕಂಪ್ಯೂಟರಿನಲ್ಲಿ ಸುಮಾರು 13 ಜಿಬಿ ತಿನ್ನುತ್ತದೆ. ಒಂದು ಮದುವೆ ಎಂದರೆ ನಲವತ್ತು. ಅದರ ಮೇಲೆ ಒಂದು ಪ್ರತಿ ಭದ್ರವಾಗಿರಲಿ ಎಂದು ಇನ್ನೊಂದು ಡಿಸ್ಕಿಗೂ ಬರೆಯುವವನು ನಾನು. ಮದರ್‌ಬೋರ್ಡಿನಲ್ಲಿ ಹಾರ್ಡ್ ಡಿಸ್ಕ್ ಸಿಕ್ಕಿಸಲು ಇದ್ದದ್ದು ನಾಲ್ಕು ಸಾಟಾ ಪೋರ್ಟು. ನಾಲ್ಕೂ ಭರ್ತಿಯಾದವು. ಮದುವೆಗಳು ನಿಲ್ಲಲಿಲ್ಲ.

‘ಇನ್ನು ಡಿಸ್ಕ್ ಹಾಕಬೇಕಾದರೆ ಒಂದು ಕಾರ್ಡ್ ಬೇಕು’ ಎಂದು ರಾತ್ರಿ ಊಟದ ಹೊತ್ತಿನಲ್ಲಿ ಹೇಳಿದೆ.

ಅಪ್ಪ ತಲೆ ಎತ್ತದೆ, ‘ಅಟ್ಟದ ಮೇಲಿದೆಯಲ್ಲ’ ಅಂದರು.

ಅಟ್ಟದ ಮೇಲಿರುವುದು ತಾತನ ಜಕಾರ್ಡ್ ಕಾರ್ಡುಗಳು. ತೂತು ಹೊಡೆದ ರಟ್ಟು, ದಾರದಲ್ಲಿ ಕೋದ ಸರ, ಒಂದೊಂದು ಸರದಲ್ಲಿ ಒಂದೊಂದು ಸೀರೆಯ ಅಂಚು. ಫ್ರಾನ್ಸಿನ ಜಕಾರ್ಡ್ 1804ರಲ್ಲಿ ಮಾಡಿದ್ದು ಇದನ್ನೇ. ಕಂಪ್ಯೂಟರಿಗೆ ಕಾರ್ಡು ತಿನ್ನಿಸಿದವರು ಇದನ್ನು ನೋಡಿ ಕಲಿತರು. ತಾತನ ರಟ್ಟಿಗೆ ಕರೆಂಟು ಬೇಡ, ಫ್ಯಾನು ಬೇಡ, ಇಲಿಯೊಂದು ಬರದಿದ್ದರೆ ಸಾಕು. ಇದನ್ನೆಲ್ಲ ಅಪ್ಪ ಬಾಯಿಬಿಟ್ಟು ಹೇಳಲಿಲ್ಲ, ರಸಂ ಸುರಿದುಕೊಂಡರು. ನಾನೂ ಕೇಳದವನಂತೆ ಫೋನು ತೆಗೆದು ಕಾರ್ಡು ಹುಡುಕತೊಡಗಿದೆ.

ಕಂಡದ್ದು ಹದಿನಾರು ಪೋರ್ಟಿನ ಕಾರ್ಡು. ಬೆಲೆ ಕಡಿಮೆ, ಗಾತ್ರ ಅಂಗೈಯಷ್ಟು. ನಾಲ್ಕು ಬೇಕಾದವನಿಗೆ ಹದಿನಾರು ಸಿಕ್ಕರೆ ಯಾರು ಬಿಡುತ್ತಾರೆ? ಸೀರೆ ಅಂಗಡಿಯ ಆಡಿ ತಿಂಗಳ ತಳ್ಳುಪಡಿ ಮಾರಾಟದಲ್ಲಿ ಹೆಂಡತಿಗೆ ನಾನು ಹೇಳುವ ಬುದ್ಧಿಮಾತುಗಳೆಲ್ಲ ಆ ಕ್ಷಣದಲ್ಲಿ ನನಗೆ ಮರೆತುಹೋದವು.

ಕಾರ್ಡು ಬಂತು, ಡಿಸ್ಕುಗಳು ಕಂಡವು, ಎರಡು ದಿನ ಮನೆಯಲ್ಲಿ ನಾನು ಎದೆ ಉಬ್ಬಿಸಿ ಓಡಾಡಿದೆ. ಆಮೇಲೆ ಒಂದು ದೊಡ್ಡ ಮದುವೆಯನ್ನು ನಕಲು ಮಾಡಲು ಹಚ್ಚಿ ಮಲಗಿದೆ. ಬೆಳಿಗ್ಗೆ ನೋಡಿದರೆ ಡಿಸ್ಕುಗಳು ಒಂದರ ಹಿಂದೆ ಒಂದು ಮಾಯ. ಧರ್ಮಪುರಿಯ ಅಕ್ಕನ ಮಗನಿಗೆ ಫೋನು ಹಚ್ಚಿದೆ. ಅವನು ಬೆಂಗಳೂರಿನಲ್ಲಿ ಸರ್ವರ್‌ಗಳನ್ನು ಕಾಯುವ ಕೆಲಸದಲ್ಲಿದ್ದಾನೆ.

‘ಮಾವಾ, ಅದರಲ್ಲಿ ನಿಜವಾದ ಪೋರ್ಟು ನಾಲ್ಕೇ. ಮಿಕ್ಕಿದ್ದೆಲ್ಲ ಒಂದನ್ನೇ ಹಲವಕ್ಕೆ ಹಂಚೋ ಪೋರ್ಟ್ ಮಲ್ಟಿಪ್ಲಯರ್. ಅದು ಕೂರೋದು ಪಿಸಿಐಇ ಒಂದು ಲೇನ್ ಸ್ಲಾಟಲ್ಲಿ. ಎರಡನೇ ತಲೆಮಾರಿನ ಒಂದು ಲೇನಿಗೆ ಸೆಕೆಂಡಿಗೆ 500 ಎಂಬಿ. ಹದಿನಾರಕ್ಕೆ ಹಂಚಿದರೆ ತಲೆಗೆ ಮೂವತ್ತೊಂದು. ನಿಮ್ಮ ಡಿಸ್ಕು ಒಂದೇ ನೂರೈವತ್ತು, ಇನ್ನೂರು ಕೇಳುತ್ತೆ.’

ನನಗೆ ತೊಪ್ಪೂರು ಘಾಟಿ ಕಣ್ಣ ಮುಂದೆ ಬಂತು. ಧರ್ಮಪುರಿಯಿಂದ ಸೇಲಂಗೆ ಇಳಿಯುವ ಹೆದ್ದಾರಿಯಲ್ಲಿ ಲಾರಿಯೊಂದು ಅಡ್ಡ ನಿಂತು, ಉತ್ತರ ಭಾರತದಿಂದ ಬಂದ ಅಷ್ಟೂ ವಾಹನ ಒಂದೇ ಸಾಲಿನಲ್ಲಿ ತೆವಳುವ ದಿನ ಹೇಗಿರುತ್ತದೋ, ನನ್ನ ಕಾರ್ಡಿನೊಳಗೆ ದಿನವೂ ಹಾಗೆಯೇ. ಸಾಲದ್ದಕ್ಕೆ ಮಲ್ಟಿಪ್ಲಯರ್‌ನ ಹಿಂದೆ ಒಂದು ಡಿಸ್ಕು ಮುನಿಸಿಕೊಂಡರೆ ಅದರ ಜೊತೆಗಾರರನ್ನೂ ಕರೆದುಕೊಂಡು ಹೋಗುವುದುಂಟಂತೆ.

‘ಎಎಸ್‌ಎಂ 1166 ಚಿಪ್ಪಿಂದು ತಗೊಳ್ಳಿ, ಆರು ಪೋರ್ಟು, ಮಲ್ಟಿಪ್ಲಯರ್ ಇಲ್ಲ. ಇಲ್ಲಾ ಜೆಎಂಬಿ 585, ಐದು ಪೋರ್ಟು. ಎರಡೂ ಮೂರನೇ ತಲೆಮಾರು, ಎರಡು ಲೇನು. ಕರೆಂಟೂ ಕಡಿಮೆ. ನಿಮಗೆ ಅಷ್ಟು ಸಾಕು’ ಅಂದ ಅಳಿಯ.

‘ನಿಮಗೆ ಅಷ್ಟು ಸಾಕು’ ಅಂದದ್ದೇ ತಪ್ಪಾಯಿತು. ಕುಲದ ಅಷ್ಟೂ ಮದುವೆ ಹೊತ್ತವನಿಗೆ ಅಷ್ಟು ಸಾಕೇ? ‘ನಿಮ್ಮ ಆಫೀಸಿನಲ್ಲಿ ಏನು ಹಾಕ್ತೀರಿ?’ ಎಂದು ಕೇಳಿದೆ. ಅವನು ಸುಮ್ಮನಿರಬಹುದಿತ್ತು. ‘ಎಚ್‌ಬಿಎ’ ಅಂದ.

ಎಚ್‌ಬಿಎ ಎಂದರೆ ಸರ್ವರ್‌ಗಳಲ್ಲಿ ಡಿಸ್ಕುಗಳನ್ನು ಹಿಡಿದುಕೊಳ್ಳುವ ಕಾರ್ಡು. ಎಂಟು ಲೇನು, ಎಂಟು ಡಿಸ್ಕು, ಯಾರೂ ಯಾರ ದಾರಿಗೂ ಅಡ್ಡವಿಲ್ಲ. ಎಲ್‌ಎಸ್‌ಐ ಎಂಬ ಕಂಪನಿ ಮಾಡುತ್ತಿತ್ತು. ಅದನ್ನು 2014ರಲ್ಲಿ ಅವಾಗೊ ಕೊಂಡಿತು, ಅವಾಗೊ 2016ರಲ್ಲಿ ಬ್ರಾಡ್‌ಕಾಮ್ ಕೊಂಡು ಆ ಹೆಸರನ್ನೇ ಇಟ್ಟುಕೊಂಡಿತು. ಎಲ್‌ಎಸ್‌ಐನ ಒಂದೇ ಚಿಪ್ಪು ಐಬಿಎಂ ಮನೆಯಲ್ಲಿ ಎಂ1015, ಡೆಲ್ ಮನೆಯಲ್ಲಿ ಎಚ್200. ದೊಡ್ಡ ಕಂಪನಿಗಳು ಹಳೆಯ ಸರ್ವರ್ ಕಳಚಿ ಹಾಕಿದಾಗ ಇವೆಲ್ಲ ಬೆಂಗಳೂರಿನ ಎಸ್‌.ಪಿ. ರಸ್ತೆಗೆ ಬರುತ್ತವೆ. ಇಷ್ಟನ್ನು ನಾನು ಒಂದೇ ರಾತ್ರಿಯಲ್ಲಿ ಬಾಯಿಪಾಠ ಮಾಡಿದೆ. ನನ್ನ ಮದುವೆಯ ತಾರೀಕು ಕೇಳಿದರೆ ಈಗಲೂ ಒಂದು ಕ್ಷಣ ತಡವರಿಸುತ್ತೇನೆ.

ಬೆಳಗಿನ ರೈಲಿನಲ್ಲಿ ಧರ್ಮಪುರಿ, ಹೊಸೂರು ದಾಟಿ ಬೆಂಗಳೂರಿಗೆ ಹೋದೆ. ಎಸ್‌.ಪಿ. ರಸ್ತೆಯಲ್ಲಿ ನನ್ನ ಮನೆಮಾತಿನಲ್ಲಿ ಗತ್ತಿನಿಂದ ಚೌಕಾಸಿ ಮಾಡಿದೆ. ಅಂಗಡಿಯ ಹುಡುಗ ನನ್ನ ಕನ್ನಡವನ್ನು ಪೂರ್ತಿ ಕೇಳಿ, ಬಹಳ ಕರುಣೆಯಿಂದ ತಮಿಳಿನಲ್ಲಿ ಉತ್ತರ ಕೊಟ್ಟ. ಅವನ ಮುಂದೆ ಒಂದೇ ಬಣ್ಣದ ಎರಡು ಕಾರ್ಡು. ಒಂದರ ಹೆಸರಿನ ಕೊನೆಗೆ 8ಐ, ಇನ್ನೊಂದಕ್ಕೆ 8ಇ. ಇ ಎಂದರೆ ಎಂಟರ್‌ಪ್ರೈಸ್ ಇರಬೇಕು ಎಂದು ನಾನೇ ತೀರ್ಮಾನಿಸಿ, ಕೇಳಿದರೆ ಮರ್ಯಾದೆ ಹೋಗುತ್ತದೆಂದು ಕೇಳದೆ, ಅದನ್ನೇ ಕಟ್ಟಿಸಿಕೊಂಡೆ.

ಇ ಎಂದರೆ ಎಕ್ಸ್‌ಟರ್ನಲ್. ಪೋರ್ಟುಗಳೆಲ್ಲ ಪೆಟ್ಟಿಗೆಯ ಹಿಂಬದಿಯಿಂದ ಬೀದಿಯ ಕಡೆ ಮುಖ ಮಾಡಿ ನಿಂತವು. ಡಿಸ್ಕುಗಳೆಲ್ಲ ಒಳಗೆ. ಅವ್ವ ಬಂದು ನೋಡಿ, ‘ಒಳಗಿಂದ ಹೊರಗೆ ಹಾಕಿಬಿಟ್ಟಿದೀಯಾ ಏನೋ ಕಣ್ಣು, ತಿರುಗಿಸಿ ಹಾಕು’ ಅಂದರು. ಕಾರ್ಡಿನ ಬಗ್ಗೆ ನಮ್ಮ ಮನೆಯಲ್ಲಿ ಯಾರಾದರೂ ಹೇಳಿದ ಮೊದಲ ಸರಿಯಾದ ಮಾತು ಅದೇ.

ಅಳಿಯನೇ ಅದನ್ನು ಬದಲಿಸಿ 9211-8ಐ ತಂದುಕೊಟ್ಟ. ಇಲ್ಲಿಂದ ಮುಂದೆ ನಡೆದದ್ದನ್ನು ನಮ್ಮ ಬೀದಿಯಲ್ಲಿ ಇನ್ನೂ ಹೇಳಿಕೊಳ್ಳುತ್ತಾರೆ. ಅವರು ಹೇಳುವುದರಲ್ಲಿ ಉತ್ಪ್ರೇಕ್ಷೆ ಇದೆ, ಆದ್ದರಿಂದ ನಾನೇ ಹೇಳುವುದು ಒಳ್ಳೆಯದು.

ಸೆಕೆಂಡ್‌ಹ್ಯಾಂಡ್ ಕಾರ್ಡಿನೊಳಗೆ ಸಾಮಾನ್ಯವಾಗಿ ರೇಡ್ ಮಾಡುವ ಫರ್ಮ್‌ವೇರ್ ಇರುತ್ತದೆ. ಅಂದರೆ ಡಿಸ್ಕುಗಳನ್ನು ಕಾರ್ಡೇ ಗುಂಪು ಕಟ್ಟಿ ಯಜಮಾನಿಕೆ ಮಾಡುತ್ತದೆ. ನಾನು ಹಾಕಿಕೊಂಡಿರುವ ಫೈಲ್ ವ್ಯವಸ್ಥೆಯಾದ ಝಡ್‌ಎಫ್‌ಎಸ್‌ಗೆ ಅದು ಆಗಿಬರುವುದಿಲ್ಲ, ಪ್ರತಿ ಡಿಸ್ಕಿನ ಜೊತೆ ಅದಕ್ಕೆ ನೇರ ಮಾತು ಬೇಕು. ಹಾಗಾಗಿ ರೇಡ್ ಫರ್ಮ್‌ವೇರ್ ಅಳಿಸಿ ‘ಐಟಿ ಮೋಡ್’ ಎಂಬ ಫರ್ಮ್‌ವೇರ್ ಬರೆಯಬೇಕು. ಅಳಿಸಿದ ಮೇಲೆ ಬರೆದು ಮುಗಿಯುವವರೆಗೆ ಮೆಷಿನ್ ಆರಬಾರದು. ಕಾರ್ಡಿನ ಹದಿನಾರು ಅಕ್ಷರಗಳ ವಿಳಾಸವೊಂದಿದೆ, ಅದನ್ನು ಮೊದಲೇ ಬರೆದಿಟ್ಟುಕೊಂಡು ಕೊನೆಯಲ್ಲಿ ಮತ್ತೆ ಕೊಡಬೇಕು.

ನನ್ನ ಹೊಸ ಮದರ್‌ಬೋರ್ಡಿನಲ್ಲಿ ಈ ಕೆಲಸಕ್ಕೆ ಕೂತಾಗ ಪರದೆಯ ಮೇಲೆ ‘ಪಿಎಎಲ್ ಶುರುವಾಗಲಿಲ್ಲ’ ಎಂಬ ತಪ್ಪು ಬಂತು. ವಾರಗಟ್ಟಲೆ ಪಿಎಎಲ್, ಅಂದರೆ ಪಾಲ್ ಟಿವಿ ಪದ್ಧತಿಯ ಕ್ಯಾಸೆಟ್ಟುಗಳ ನಡುವೆ ಬದುಕಿದವನು ನಾನು. ವಿಸಿಆರ್ ಆಫ್ ಮಾಡಿ ಮತ್ತೆ ಪ್ರಯತ್ನಿಸಿದೆ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ, ಹೊಸ ಬೋರ್ಡುಗಳಲ್ಲಿ ಡಾಸ್‌ನಿಂದ ಮಾಡಿದರೆ ಹಾಗೆಯೇ, ಎಲ್ಲಾದರೂ ಹಳೆಯ ಕಂಪ್ಯೂಟರ್ ಹುಡುಕಿ ಎಂದ ಅಳಿಯ.

ಹಳೆಯ ಕಂಪ್ಯೂಟರ್ ಇದ್ದದ್ದು ದೊಡ್ಡಪ್ಪನ ನೂಲಿನ ಅಂಗಡಿಯಲ್ಲಿ. ಅಂಗಡಿ ನಮ್ಮ ಮನೆಯ ಮುಂಭಾಗವೇ. ಅವರ ಅಷ್ಟೂ ಲೆಕ್ಕ ಅದರಲ್ಲಿ. ದೊಡ್ಡಪ್ಪ ಸ್ನಾನಕ್ಕೆ ಹೋದ ಹೊತ್ತು ನೋಡಿ ಅದನ್ನು ಬಿಚ್ಚಿದೆ. ಅವರ ಹಾರ್ಡ್ ಡಿಸ್ಕನ್ನು ಜೋಪಾನವಾಗಿ ತೆಗೆದು ಪಕ್ಕಕ್ಕಿಟ್ಟೆ, ನನ್ನ ಕಾರ್ಡು ಸಿಕ್ಕಿಸಿದೆ. ಅಂದು ನಮ್ಮ ಬೀದಿಗೆ ತಿಂಗಳ ಪವರ್ ಶಟ್‌ಡೌನ್, ಒಂಬತ್ತಕ್ಕೆ ಕರೆಂಟು ಹೋಗುತ್ತದೆಂದು ಪೇಪರಿನಲ್ಲೇ ಬಂದಿತ್ತು. ಎಂಟೂವರೆಗೆ ಕೂತರೆ ಬೇಕಾದಷ್ಟು ಸಮಯ ಎಂದುಕೊಂಡು ಫೋನನ್ನು ಸ್ಪೀಕರಿಗೆ ಹಾಕಿ ಶುರುಮಾಡಿದೆ. ಮುಕ್ಕಾಲು ಸಮಯ ಪೆನ್‌ಡ್ರೈವ್ ಬೂಟ್ ಆಗುವುದಕ್ಕೇ ಹೋಯಿತು.

‘ಮಾವಾ, ಈಗ ರೇಡ್ ಇದೆಯಾ?’

‘ಇದೆಯಪ್ಪ. ರೇಡ್ ಇದೆ ಅಂತಲೇ ತೋರಿಸ್ತಿದೆ.’

‘ರೇಡ್ ಬೇಡ. ನಮಗೆ ಐಟಿ ಬರಬೇಕು.’

‘ಐಟಿ ಈಗಲೇ ಬಂದುಬಿಡುತ್ತಾ?’

‘ಕರೆಂಟ್ ಹೋಗೋದ್ರೊಳಗೆ ಬರುತ್ತೆ. ಮೊದಲು ಇರೋದನ್ನೆಲ್ಲ ಅಳಿಸಿಬಿಡಿ. ಒಂದು ಚೂರೂ ಉಳೀಬಾರದು. ನಂಬರ್ ಮಾತ್ರ ಬರೆದಿಟ್ಕೊಂಡಿದೀರಾ?’

‘ದೊಡ್ಡಪ್ಪನ ಬಿಲ್ ಪುಸ್ತಕದ ಹಿಂದೆ ಬರ್ದಿದೀನಿ.’

ಹಿಂದೆ ಏನೋ ಸದ್ದಾಯಿತು. ತಿರುಗಿದರೆ ದೊಡ್ಡಪ್ಪ, ಒದ್ದೆ ಟವಲ್ಲಿನಲ್ಲಿ, ಹಣೆಗೆ ವಿಭೂತಿ ಅರ್ಧ ಹಚ್ಚಿದ ಕೈ ಹಾಗೆಯೇ ನಿಂತಿದೆ. ಬಿಚ್ಚಿದ ಕಂಪ್ಯೂಟರನ್ನು ನೋಡಿದರು, ಪಕ್ಕದಲ್ಲಿದ್ದ ಹಾರ್ಡ್ ಡಿಸ್ಕನ್ನು ನೋಡಿದರು, ನನ್ನನ್ನು ನೋಡಿದರು. ಒಂದು ಮಾತೂ ಆಡದೆ ಒಳಗೆ ಹೋದರು. ಕೋಪ ಬಂದಿರಬೇಕು, ಆಮೇಲೆ ಸಮಾಧಾನ ಮಾಡಿದರಾಯಿತು ಎಂದುಕೊಂಡೆ.

ದೊಡ್ಡಪ್ಪ ಮರ್ಯಾದಸ್ಥರು. ತೆರಿಗೆ ಕಟ್ಟುತ್ತಾರೆ, ಜಿಎಸ್‌ಟಿ ಕಟ್ಟುತ್ತಾರೆ. ಆದರೆ ನೂಲಿನ ವ್ಯಾಪಾರದಲ್ಲಿ ಐವತ್ತು ವರ್ಷ ಕಳೆದವರಿಗೆ ಐಟಿ, ರೇಡ್ ಎಂಬ ಎರಡು ಶಬ್ದ ಒಟ್ಟಿಗೆ ಕಿವಿಗೆ ಬಿದ್ದರೆ, ಲೆಕ್ಕ ಸರಿಯಿದ್ದರೂ ಕೈಕಾಲು ತಾವಾಗಿಯೇ ಕೆಲಸ ಶುರುಮಾಡುತ್ತವೆ. ದೊಡ್ಡಮ್ಮ, ಅತ್ತಿಗೆ, ಕೂಲಿಯ ಹುಡುಗ ಎಲ್ಲರೂ ಸೇರಿ ಬೀರುವಿನಲ್ಲೂ ಮೇಜಿನ ಮೇಲೂ ಇದ್ದ ಪುಸ್ತಕಗಳನ್ನು ಹೊತ್ತು ಹಿತ್ತಲಿನ ಮಗ್ಗದ ಮನೆಗೆ ಸಾಗಿಸಿದರು. ನಮ್ಮಪ್ಪನದು ಗುಂಡಿ ಮಗ್ಗ. ಅಪ್ಪ ಗುಂಡಿಯಲ್ಲಿ ಕಾಲು ಇಳಿಬಿಟ್ಟು ನೇಯುತ್ತಿದ್ದಾರೆ, ಇವರು ಆ ಕಾಲುಗಳ ಎಡಕ್ಕೂ ಬಲಕ್ಕೂ ಪುಸ್ತಕ ಇಳಿಸುತ್ತಿದ್ದಾರೆ. 2009ರ ಪುಸ್ತಕ ಬಂದು ತುಳಿಯುವ ಹಲಗೆಯ ಕೆಳಗೆ ಸಿಕ್ಕಿಕೊಂಡಾಗ ಅಪ್ಪ ಲಾಳಿ ನಿಲ್ಲಿಸಿ, ‘ಏನಂತೆ?’ ಎಂದು ಕೇಳಿದರಂತೆ. ‘ಬಂದುಬಿಟ್ಟಿದ್ದಾರೆ’ ಎಂದರಂತೆ ದೊಡ್ಡಪ್ಪ. ‘ಕಾಫಿ ಕೊಟ್ಟಿರಾ?’ ಎಂದರಂತೆ ಅಪ್ಪ.

ಸರಿಯಾಗಿ ಆಗಲೇ ಒಂಬತ್ತು ಹೊಡೆಯಿತು. ಬಾಗಿಲ ಮುಂದೆ ಜೀಪೊಂದು ಬಂದು ನಿಂತಿತು, ಖಾಕಿ ತೊಟ್ಟವರು ಇಳಿದರು, ಮನೆಯ ಕರೆಂಟು ಹೋಯಿತು. ಲೈನಿನ ಕೆಲಸಕ್ಕೆ ಬಂದವರು ಅವರು, ಏಣಿ ಕಂಬಕ್ಕೆ ಒರಗಿಸಿದರು. ಒಳಗಿದ್ದವರಿಗೆ ಏಣಿ ಕಾಣಲಿಲ್ಲ.

ಇತ್ತ ಯುಪಿಎಸ್ ಕೀರಲು ಶುರುಮಾಡಿತು. ಕಾರ್ಡು ಅಳಿಸಿಯಾಗಿದೆ, ಹೊಸದು ಬರೆದೂ ಆಯಿತು, ಈಗ ಪರದೆ ವಿಳಾಸ ಕೇಳುತ್ತಿದೆ. ಬಿಲ್ ಪುಸ್ತಕಕ್ಕೆ ಕೈ ಹಾಕಿದರೆ ಮೇಜು ಖಾಲಿ. ವಿಳಾಸದ ಚೀಟಿ ಕಾರ್ಡಿನ ಬೆನ್ನಿಗೇ ಅಂಟಿದೆ, ಆದರೆ ಅದು ಪೆಟ್ಟಿಗೆಯೊಳಗೆ ಗೋಡೆಗೆ ಬೆನ್ನು ಹಾಕಿ ಕೂತಿದೆ. ‘ಬಿಲ್ ಪುಸ್ತಕ ಎಲ್ಲಿ?’ ಎಂದು ಕೂಗುತ್ತಾ ಮನೆಯೆಲ್ಲ ಓಡಿದೆ. ಆ ಹೊತ್ತಿನಲ್ಲಿ ಆ ಮನೆಯಲ್ಲಿ ಕೇಳಬಾರದ ಪ್ರಶ್ನೆ ಅದೊಂದೇ.

ಮಗ್ಗದ ಮನೆಯಲ್ಲಿ ದೊಡ್ಡಪ್ಪ ಗುಂಡಿಯ ಅಂಚಿಗೆ ಅಡ್ಡ ಕೂತಿದ್ದರು.

‘ಇಲ್ಲಿ ಏನೂ ಇಲ್ಲ’ ಅಂದರು. ಆಮೇಲೆ ದನಿ ತಗ್ಗಿಸಿ, ‘ನೀನು ಯಾರ ಕಡೆಯೋ?’ ಅಂದರು.

‘ದೊಡ್ಡಪ್ಪ, ಒಂದೇ ಒಂದು ನಂಬರ್ ಬೇಕು. ಐದು ಸೊನ್ನೆ ಸೊನ್ನೆ ಆರು ಸೊನ್ನೆ ಐದು ಅಂತ ಶುರುವಾಗುತ್ತೆ.’

ದೊಡ್ಡಪ್ಪ ಮನಸ್ಸಿನಲ್ಲೇ ಕೂಡಿದರು. ‘ಐದು ಲಕ್ಷದ ಆರುನೂರೈದಾ? ಅಷ್ಟು ದೊಡ್ಡ ಬಿಲ್ಲು ನಾನು ಯಾವತ್ತೂ ಹಾಕಿಲ್ಲ. ಬೇಕಾದ್ರೆ ತಾಯಿ ಮೇಲೆ ಆಣೆ ಮಾಡ್ತೀನಿ ಅಂತ ಹೇಳು ಅವರಿಗೆ.’

ನಾನು ಗುಂಡಿಗೆ ಇಳಿದೆ. ಅಪ್ಪನ ಕಾಲ ಬಳಿ, ಫೋನಿನ ಬೆಳಕಿನಲ್ಲಿ, ಮನೆತನದ ಎರಡು ತಲೆಮಾರಿನ ವ್ಯಾಪಾರವನ್ನು ಸರಿಸಿ ಸರಿಸಿ ಆ ಪುಸ್ತಕ ತೆಗೆದೆ. ಓಡಿ ಬಂದು ಹದಿನಾರು ಅಕ್ಷರ ಒತ್ತಿ ಎಂಟರ್ ಕೊಟ್ಟೆ. ಪರದೆ ಒಪ್ಪಿಕೊಂಡಿತು. ಯುಪಿಎಸ್ ಒಂದು ಸಲ ಉದ್ದಕ್ಕೆ ಕೀರಿ ಪ್ರಾಣಬಿಟ್ಟಿತು.

ಸಂಜೆ ಕರೆಂಟು ಬಂದ ಮೇಲೆ ಅಳಿಯನಿಗೆ ಈ ಸಾಹಸ ಹೇಳಿದೆ. ‘ಅಯ್ಯೋ ಮಾವಾ, ಮನೇಲಿ ಇರೋದು ಒಂದೇ ಕಾರ್ಡು. ಮನಸ್ಸಿಗೆ ಬಂದ ನಂಬರ್ ಹಾಕಿದ್ರೂ ನಡೀತಿತ್ತು’ ಅಂದ.

ಮುಂದಿನದ್ದು ಚಿಲ್ಲರೆ ಕಷ್ಟಗಳು. ಕಾರ್ಡಿನ ಒಂದು ಕಿಂಡಿಯಿಂದ ನಾಲ್ಕು ಡಿಸ್ಕಿಗೆ ಕವಲೊಡೆಯುವ ಕೇಬಲ್ಲಿನಲ್ಲಿ ಫಾರ್ವರ್ಡ್, ರಿವರ್ಸ್ ಎಂದು ಎರಡು ಜಾತಿ. ಹೊರಗಿನಿಂದ ನೋಡಿದರೆ ಅವಳಿಜವಳಿ. ಒಂದು ಕೆಲಸ ಮಾಡುತ್ತದೆ, ಇನ್ನೊಂದು ಡಿಸ್ಕನ್ನು ತೋರಿಸುವುದೇ ಇಲ್ಲ. ನಾನು ಮೊದಲು ಯಾವುದನ್ನು ತಂದೆ ಎಂದು ಈ ಲೇಖನವನ್ನು ಇಲ್ಲಿಯವರೆಗೆ ಓದಿದವರಿಗೆ ಹೇಳಬೇಕಾಗಿಲ್ಲ.

ಆಮೇಲೆ ಸೆಕೆ. ಈ ಕಾರ್ಡುಗಳು ಹುಟ್ಟಿದ್ದು ಬಿರುಗಾಳಿಯಂಥ ಫ್ಯಾನುಗಳಿರುವ ಸರ್ವರ್‌ಗಳಿಗಾಗಿ. ಮೇಲಿರುವುದು ಒಂದು ಅಲ್ಯೂಮಿನಿಯಂ ತುಂಡು ಮಾತ್ರ, ಸ್ವಂತ ಫ್ಯಾನಿಲ್ಲ. ಏಪ್ರಿಲ್ಲಿನ ಸೇಲಂನಲ್ಲಿ ಅದರ ಮೇಲೆ ಬೆರಳಿಟ್ಟೆ, ತಕ್ಷಣ ತೆಗೆದೆ. ಅವ್ವನ ಟೇಬಲ್ ಫ್ಯಾನನ್ನು ತಂದು ಪೆಟ್ಟಿಗೆಯ ಬಾಗಿಲು ತೆಗೆದು ಅದರ ಕಡೆ ತಿರುಗಿಸಿದೆ. ಅವ್ವ ಬೀಸಣಿಗೆ ಹಿಡಿದು ಪೆಟ್ಟಿಗೆಯ ಪಕ್ಕದಲ್ಲೇ ಕೂತರು, ತಪ್ಪಿ ಬಂದ ಗಾಳಿಯಾದರೂ ಸಿಗಲಿ ಎಂದು. ಈಗ ಪುಟ್ಟ ಫ್ಯಾನೊಂದನ್ನು ಕಾರ್ಡಿಗೇ ಪ್ಲಾಸ್ಟಿಕ್ ಟ್ಯಾಗಿನಲ್ಲಿ ಕಟ್ಟಿದ್ದೇನೆ. ಅವ್ವನ ಫ್ಯಾನು ಅವ್ವನಿಗೆ ಹೋಗಿದೆ, ಮಾತು ಮಾತ್ರ ಇನ್ನೂ ಪೂರ್ತಿ ಮರಳಿಲ್ಲ.

ಕರೆಂಟಿನ ಲೆಕ್ಕವನ್ನು ಹೆಂಡತಿ ಹಿಡಿದಳು. ತಮಿಳುನಾಡಿನಲ್ಲಿ ಎರಡು ತಿಂಗಳಿಗೊಮ್ಮೆ ಬಿಲ್ಲು, ಮನೆಗಳಿಗೆ ಮೊದಲ 100 ಯೂನಿಟ್ ಆಗ ಬಿಟ್ಟಿ ಇತ್ತು. ಡಿಸ್ಕು, ಕಾರ್ಡು, ಫ್ಯಾನು ಸೇರಿ ನನ್ನ ಪೆಟ್ಟಿಗೆ ಹಗಲೂ ರಾತ್ರಿ ಅರವತ್ತು ವ್ಯಾಟ್ ಎಂದರೂ ಅರವತ್ತು ದಿನಕ್ಕೆ 86 ಯೂನಿಟ್. ‘ಸರ್ಕಾರ ಬಿಟ್ಟಿ ಕೊಟ್ಟಿದ್ದು ನಮಗಾ, ನಿಮ್ಮ ಪೆಟ್ಟಿಗೆಗಾ?’ ಎಂದು ಕೇಳಿದಳು. ಕಾರ್ಡಿನ ಪಾಲು ಬರೀ ಹತ್ತು ವ್ಯಾಟ್, ಅಂದರೆ ಹದಿನಾಲ್ಕು ಯೂನಿಟ್ಟು ಮಾತ್ರ ಎಂದು ಬಿಡಿಸಿ ಹೇಳಿದೆ. ಬಿಡಿಸಿ ಹೇಳಬಾರದಿತ್ತು. ಅಳಿಯ ಮೊದಲು ಹೇಳಿದ್ದ ಆರು ಪೋರ್ಟಿನ ಚಿಕ್ಕ ಕಾರ್ಡು ಎಷ್ಟು ತಿನ್ನುತ್ತಿತ್ತು ಎಂದು ಅವಳು ಅವನಿಗೇ ಫೋನು ಮಾಡಿ ವಿಚಾರಿಸಿದಳು.

ಅಂತೂ ಎಂಟಕ್ಕೆ ಎಂಟು ಡಿಸ್ಕೂ ಕಂಡವು. ಒಂದೂ ಮಾಯವಾಗುತ್ತಿಲ್ಲ. ಹಬ್ಬಕ್ಕೆ ಧರ್ಮಪುರಿಯಿಂದ ಅಕ್ಕ ಬಂದಳು. ‘ನನ್ನ ಮದುವೆ ಹಾಕೋ, ಅವ್ವನ ಮುಂದೆ ಕೂತು ನೋಡೋಣ’ ಅಂದಳು. ಅವ್ವ, ಅಪ್ಪ, ದೊಡ್ಡಪ್ಪನ ಮನೆಯವರು ಎಲ್ಲ ಟಿವಿಯ ಮುಂದೆ ಚಾಪೆ ಹಾಸಿ ಕೂತರು. ನಾನು ಜಂಬದಿಂದ ಪಟ್ಟಿ ತೆರೆದೆ. ಮದುವೆ, ಮದುವೆ ಹೊಸದು, ಮದುವೆ ಹೊಸದು ಎರಡು, ಮದುವೆ ಕೊನೆ, ಮದುವೆ ನಿಜವಾದ ಕೊನೆ. ಹೀಗೆ ಇಳಿಯುತ್ತಲೇ ಹೋಯಿತು. ರಾತ್ರಿ ನಿದ್ದೆಗಣ್ಣಿನಲ್ಲಿ ಹೆಸರಿಟ್ಟವನು ನಾನೇ. ಒಂದನ್ನು ತೆರೆದೆ: ಹೊಗೇನಕಲ್ಲು, ಹೃದಯ, ಹರಿಗೋಲು, ಒಳಗೆ ಬೇರೆ ಯಾರೋ. ಇನ್ನೊಂದು: ಹೊಗೇನಕಲ್ಲು, ಹೃದಯ, ಮತ್ಯಾರೋ. ಅಕ್ಕ ಸ್ವಲ್ಪ ಹೊತ್ತು ತಾಳಿದಳು, ಆಮೇಲೆ ಅಡುಗೆಮನೆಗೆ ಎದ್ದು ಹೋದಳು. ಅವಳ ಹಿಂದೆ ಒಬ್ಬೊಬ್ಬರೇ ಎದ್ದರು.

ಉಳಿದವರು ದೊಡ್ಡಪ್ಪ ಒಬ್ಬರೇ. ಬಹಳ ಹೊತ್ತು ಪೆಟ್ಟಿಗೆಯನ್ನೇ ನೋಡುತ್ತಿದ್ದರು. ಹತ್ತಿರ ಸರಿದು ಕೂತರು. ಬಾಗಿಲ ಕಡೆ ಒಮ್ಮೆ ನೋಡಿಕೊಂಡು ಕೇಳಿದರು:

‘ಹಾಕಿದ ನಿನಗೇ ಇದರಿಂದ ಆಚೆ ತೆಗೆಯೋಕಾಗಲ್ಲ ಅಲ್ವಾ?’

‘ಹುಡುಕಬೇಕು ದೊಡ್ಡಪ್ಪ, ಸ್ವಲ್ಪ ಕಷ್ಟ.’

‘ಜಾಗ ಎಷ್ಟು ಉಳಿದಿದೆ? ನನ್ನದು ಒಂದೆರಡು ಪುಸ್ತಕ ಇದೆ.’